ಕಣ್ಣು ಕಾಣದ ಅಪ್ಪ-ಅಮ್ಮ ಮಕ್ಕಳ ಜೊತೆ ಪ್ರವಾಸ ಹೊರಡುವಾಗ: ತಯಾರಿಯ ಸಮಗ್ರ ಮಾರ್ಗದರ್ಶಿ

ಪ್ರವಾಸದ ಮಾತೆತ್ತಿದ ಕೂಡಲೇ "ಇಬ್ಬರಿಗೂ ಕಣ್ಣು ಕಾಣಲ್ಲ, ಮಕ್ಕಳನ್ನ ಕಟ್ಟಿಕೊಂಡು ಅಷ್ಟು ದೂರ ಹೇಗೆ ಹೋಗ್ತೀರಾ?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಕೆಲವರು ಕಾಳಜಿಯಿಂದ ಕೇಳುತ್ತಾರೆ, ಕೆಲವರು ಸುಮ್ನೆ ಕುತೂಹಲಕ್ಕೆ. ಬೇರೆಯವರು ಹೋಗುವ ಹಾಗೇ ನಾವೂ ಹೋಗುತ್ತೇವೆ, ತಯಾರಿ ಮಾತ್ರ ಜಾಸ್ತಿ. ಆ ತಯಾರಿ ಹೇಗಿರಬೇಕು ಅನ್ನುವುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಕಾಣದಿದ್ದರೂ, ಸ್ವಲ್ಪ ಸ್ವಲ್ಪ ಕಾಣುತ್ತಿದ್ದರೂ ಇದರಲ್ಲಿ ಬಹುಪಾಲು ನಿಮಗೂ ಬೇಕಾಗುತ್ತದೆ.

ಇಡೀ ತಯಾರಿಯನ್ನು ನಾನು ಒಂದೇ ಪ್ರಶ್ನೆ ಇಟ್ಟುಕೊಂಡು ಮಾಡುತ್ತೇನೆ: ಈ ಪ್ರವಾಸದಲ್ಲಿ ನನ್ನ ಮಗು ನನ್ನ ಕಣ್ಣಾಗಬೇಕಾಗುತ್ತದಾ? ಬೋರ್ಡ್ ಓದುವುದು, ದಾರಿ ಹೇಳುವುದು, ತಮ್ಮನ ಮೇಲೆ ನಿಗಾ ಇಡುವುದು, ಇದೆಲ್ಲ ಏಳೆಂಟು ವರ್ಷದ ಮಗುವಿನ ತಲೆ ಮೇಲೆ ಬಿದ್ದರೆ ಆ ರಜೆ ಮಗುವಿಗೆ ರಜೆಯಲ್ಲ. ತಾನಾಗೇ "ಅಪ್ಪಾ, ಅಲ್ಲಿ ದೊಡ್ಡ ಹಕ್ಕಿ ಇದೆ" ಅಂದರೆ ಖುಷಿಯಾಗಿ ಕೇಳೋಣ. ಅದು ಹೇಳದಿದ್ದರೆ ನಾವು ದಾರಿ ತಪ್ಪುತ್ತೇವೆ ಅನ್ನುವ ಪರಿಸ್ಥಿತಿ ಮಾತ್ರ ಬರಬಾರದು. ನೋಡಿ ಹೇಳುವ ಕೆಲಸ ದೊಡ್ಡವರದು: ಸಿಬ್ಬಂದಿ, ಗೈಡ್, ಫೋನಿನ ಆಚೆ ತುದಿಯಲ್ಲಿರುವ ಸ್ವಯಂಸೇವಕರು. ಮಕ್ಕಳ ಜವಾಬ್ದಾರಿ ನಮ್ಮದು. ಈ ಹಂಚಿಕೆ ಸರಿಯಾದರೆ ಮುಂದಿನದೆಲ್ಲ ಸಲೀಸು.

ಹಂತ 1: ಜಾಗವನ್ನು ಕಿವಿಯಿಂದ ಆರಿಸಿ

ನೋಟ ಚೆನ್ನಾಗಿದೆ ಅಂತ ಎಲ್ಲರೂ ಹೊಗಳುವ ಜಾಗ ನಮಗೆ ಚೆನ್ನಾಗಿರಲೇಬೇಕು ಅಂತಿಲ್ಲ. ಮೊದಲು ಅಲ್ಲಿಯ ಸದ್ದು ಹೇಗಿರುತ್ತದೆ ಅಂತ ವಿಚಾರಿಸಿ. ಜಲಪಾತದ ಬುಡದಲ್ಲಿ, ಅಲೆ ಜೋರಾಗಿರುವ ದಂಡೆಯಲ್ಲಿ, ಗಾಳಿ ಬೀಸುವ ಬೆಟ್ಟದ ತುದಿಯಲ್ಲಿ ಹತ್ತು ಹೆಜ್ಜೆ ಆಚೆಗಿರುವ ಮಗುವಿನ ದನಿಯೂ ಕೇಳುವುದಿಲ್ಲ. ನಮಗೆ ಮಗು ಎಲ್ಲಿದೆ ಅಂತ ಗೊತ್ತಾಗುವುದೇ ದನಿಯಿಂದ. ಹಾಗಂತ ಅಂಥ ಜಾಗಕ್ಕೆ ಹೋಗಲೇಬಾರದು ಅಂತಲ್ಲ. ಅಲ್ಲಿ ಕೈ ಬಿಡುವಂತಿಲ್ಲ, ಅಷ್ಟೇ. ಮಕ್ಕಳನ್ನು ಓಡಾಡಲು ಬಿಡುವ ಹೊತ್ತಿಗೆ ಬೇರೆ ಜಾಗ ಇರಲಿ: ಬೇಲಿ ಇರುವ, ಒಂದೇ ಬಾಗಿಲಿನ, ಸದ್ದು ಕಡಿಮೆ ಇರುವ ಆಟದ ಮೈದಾನ.

ಎರಡನೆಯದು, ಒಂದೇ ಕಡೆ ಉಳಿದುಕೊಳ್ಳುವುದು. ದಿನಕ್ಕೊಂದು ಊರು ಅಂದರೆ ದಿನಕ್ಕೊಂದು ಹೊಸ ಕೋಣೆ, ಹೊಸ ಮೆಟ್ಟಿಲು, ಹೊಸ ಬಚ್ಚಲು. ಪ್ರತಿಯೊಂದನ್ನೂ ಕೈಯಿಂದ, ಕೋಲಿನಿಂದ ಕಲಿಯಬೇಕು. ಒಂದೇ ಜಾಗದಲ್ಲಿ ನಾಲ್ಕು ದಿನ ಇದ್ದರೆ ಎರಡನೇ ದಿನಕ್ಕೆ ದಾರಿಗಳು ಕಾಲಿಗೆ ಬಂದಿರುತ್ತವೆ.

ಇನ್ನು ನೋಡುವ ಜಾಗಗಳು. ಮುಟ್ಟಿ ನೋಡಲು ಬಿಡುವ ಮ್ಯೂಸಿಯಂಗಳು ನಾವಂದುಕೊಂಡದ್ದಕ್ಕಿಂತ ಜಾಸ್ತಿ ಇವೆ. ಇಟಲಿಯ ಅಂಕೋನಾದಲ್ಲಿ 1993ರಲ್ಲಿ ಶುರುವಾದ ಒಮೆರೊ ಮ್ಯೂಸಿಯಂ ಅಂಥದ್ದು. ಅಲ್ಡೊ ಗ್ರಾಸ್ಸಿನಿ, ಡ್ಯಾನಿಯೆಲಾ ಬೊಟ್ಟೆಗೋನಿ ಅನ್ನುವ ದಂಪತಿಯ ಆಸೆಯಿಂದ ಹುಟ್ಟಿದ್ದು ಅದು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ, ಇಬ್ಬರಿಗೂ ತಿರುಗಾಟದ ಹುಚ್ಚು, ಹೋದಲ್ಲೆಲ್ಲ "ಮುಟ್ಟಬೇಡಿ" ಅನ್ನಿಸಿಕೊಂಡು ಸಾಕಾಗಿತ್ತು. ಅಲ್ಲಿ ಹೆಸರಾಂತ ಶಿಲ್ಪಗಳ ಪಡಿಯಚ್ಚುಗಳನ್ನು ಎರಡೂ ಕೈಯಿಂದ ಸವರಿ ನೋಡಬಹುದು. ಸ್ಪೇನ್‌ನ ಮ್ಯಾಡ್ರಿಡ್‌ನಲ್ಲಿ ಅಂಧರ ಸಂಸ್ಥೆ ಒನ್ಸೆ 1992ರಲ್ಲಿ ತೆರೆದ ಮ್ಯೂಸಿಯಂನಲ್ಲಿ ಜಗತ್ತಿನ ದೊಡ್ಡ ದೊಡ್ಡ ಕಟ್ಟಡಗಳ ಮಾದರಿಗಳಿವೆ. ಇಂಥ ಕಡೆ ಕಣ್ಣಿರುವ ಮಕ್ಕಳಿಗೂ ಮಜಾ, ಯಾಕಂದರೆ ಬೇರೆ ಮ್ಯೂಸಿಯಂಗಳಲ್ಲಿ ಅವರೂ ಬೈಸಿಕೊಳ್ಳುವುದು ಮುಟ್ಟಿದ್ದಕ್ಕೇ. ಮಾಮೂಲಿ ಮ್ಯೂಸಿಯಂಗಳಲ್ಲೂ ಮೊದಲೇ ಬರೆದು ಕೇಳಿದರೆ ಮುಟ್ಟಿ ನೋಡುವ ಪ್ರವಾಸ ಏರ್ಪಾಡು ಮಾಡುವವರಿದ್ದಾರೆ. ಹೋಗಿ ನಿಂತು ಕೇಳಿದರೆ ಆಗುವುದು ಕಷ್ಟ. ವಾರ ಮುಂಚೆಯಾದರೂ ಬರೆಯಿರಿ.

ಹಂತ 2: ಉಳಿಯುವ ಜಾಗಕ್ಕೆ ಫೋನ್ ಮಾಡಿ, ಫೋಟೋ ನಂಬಬೇಡಿ

ಬುಕಿಂಗ್ ಆ್ಯಪ್‌ಗಳಲ್ಲಿ ಕೋಣೆಯ ಬಗ್ಗೆ ಇರುವುದೆಲ್ಲ ಫೋಟೋದಲ್ಲಿ. ನಮಗೆ ಬೇಕಾದ ವಿವರ ಅಲ್ಲಿ ಬರೆದಿರುವುದಿಲ್ಲ. ಹಾಗಾಗಿ ಹಣ ಕಟ್ಟುವ ಮೊದಲು ಒಂದು ಫೋನ್. "ನಿಮ್ಮಲ್ಲಿ ಅಂಗವಿಕಲರಿಗೆ ಅನುಕೂಲ ಇದೆಯಾ?" ಅಂತ ಕೇಳಿದರೆ "ಇದೆ ಸಾರ್, ರ‍್ಯಾಂಪ್ ಇದೆ" ಅನ್ನುತ್ತಾರೆ. ನಮಗೆ ರ‍್ಯಾಂಪ್ ಕಟ್ಟಿಕೊಂಡು ಏನಾಗಬೇಕು? ನೇರವಾಗಿ ಕೇಳಿ:

- ಬಾಲ್ಕನಿ ಇದೆಯಾ? ಕಂಬಿಗಳ ನಡುವೆ ಮಗು ತೂರುವಷ್ಟು ಸಂದಿ ಇದೆಯಾ? ಬಾಗಿಲಿಗೆ ಮೇಲ್ಗಡೆ ಚಿಲಕ ಉಂಟಾ?
- ಈಜುಕೊಳಕ್ಕೆ ಬೇಲಿ ಇದೆಯಾ? ಅದರ ಗೇಟು ತಾನಾಗೇ ಮುಚ್ಚಿಕೊಳ್ಳುತ್ತದಾ?
- ಕೋಣೆಯಿಂದ ಊಟದ ಹಾಲ್‌ಗೆ ಒಳಗಿನಿಂದಲೇ ದಾರಿ ಇದೆಯಾ, ಇಲ್ಲ ವಾಹನ ಓಡಾಡುವ ಅಂಗಳ ದಾಟಬೇಕಾ?
- ಎಸಿ, ಗೀಸರ್, ಒಲೆ ಬಟನ್‌ನವಾ, ಟಚ್‌ನವಾ?
- ಊಟ ಬಡಿಸಿಕೊಡುತ್ತಾರಾ, ಬಫೆಯಾ? ಬಫೆಯಾದರೆ ಜೊತೆಗೆ ಒಬ್ಬರು ಬರುತ್ತಾರಾ?

ಉತ್ತರಕ್ಕಿಂತ ಉತ್ತರಿಸುವ ರೀತಿ ಮುಖ್ಯ. "ತಾಳಿ, ಹೋಗಿ ನೋಡಿ ಹೇಳ್ತೀನಿ" ಅನ್ನುವವರ ಜಾಗ ಒಳ್ಳೆಯದು. "ಜೊತೆಗೆ ಯಾರೂ ಬರಲ್ವಾ?" ಅಂತ ಮೂರು ಸಲ ಕೇಳಿದರೆ ಬೇರೆ ಕಡೆ ನೋಡುವುದೇ ವಾಸಿ. ಅಂಥ ಕಡೆ ರಜೆಯೆಲ್ಲ ಅವರಿಗೆ ಧೈರ್ಯ ಹೇಳುವುದರಲ್ಲೇ ಕಳೆದುಹೋಗುತ್ತದೆ. ಒಪ್ಪಿಕೊಂಡದ್ದನ್ನು ಒಂದು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ನೀವು ಹೋದ ದಿನ ಕೌಂಟರ್‌ನಲ್ಲಿ ಬೇರೆಯವರೇ ಕೂತಿರುತ್ತಾರೆ.

ದೊಡ್ಡ ಜಾಗದಲ್ಲಿ ಹರಡಿಕೊಂಡ ಕಾಟೇಜ್‌ಗಳಿಗಿಂತ ಒಂದೇ ಕಟ್ಟಡದ ಕೋಣೆ ಮೇಲು. ಹುಲ್ಲುಹಾಸಿನ ಮಧ್ಯೆ ಸೊಟ್ಟಪಟ್ಟ ಕಾಲುದಾರಿಗಳಲ್ಲಿ ಕೋಲಿಗೆ ಅಂಚು ಸಿಗುವುದಿಲ್ಲ.

ಹಂತ 3: ಟಿಕೆಟ್ ಮತ್ತು ಸಹಾಯ

ವಿಮಾನದಲ್ಲಿ ಹೋಗುವುದಾದರೆ ಟಿಕೆಟ್ ಮಾಡುವಾಗಲೇ "ಕಣ್ಣು ಕಾಣದ ಪ್ರಯಾಣಿಕರು" ಅಂತ ದಾಖಲಿಸಿ. ಇದಕ್ಕೆ ವಿಮಾನಯಾನ ವ್ಯವಸ್ಥೆಯಲ್ಲಿ ಬಿಎಲ್ಎನ್‌ಡಿ ಅನ್ನುವ ಸಂಕೇತ ಇದೆ. ಎದುರಿನವರಿಗೆ ಗೊಂದಲವಾದರೆ ಆ ನಾಲ್ಕು ಅಕ್ಷರ ಹೇಳಿ. ಯುರೋಪಿಯನ್ ಒಕ್ಕೂಟದಲ್ಲಿ 2006ರ ನಿಯಮದ ಪ್ರಕಾರ 48 ಗಂಟೆ ಮುಂಚೆ ತಿಳಿಸಿದರೆ ವಿಮಾನ ನಿಲ್ದಾಣದವರು ಉಚಿತವಾಗಿ ಸಹಾಯ ಕೊಡಬೇಕು. ಎಲ್ಲಿಗೆ ಹೋದರೂ ಆ 48 ಗಂಟೆಯನ್ನೇ ಕನಿಷ್ಠ ಅಂತ ಇಟ್ಟುಕೊಳ್ಳಿ.

ಇಲ್ಲಿ ಬಿಡಿಸಿ ಹೇಳಬೇಕಾದ್ದು ಎರಡಿದೆ. ಒಂದು, ಇಬ್ಬರೂ ದೊಡ್ಡವರಿಗೆ ಕಾಣುವುದಿಲ್ಲ, ಜೊತೆಗೆ ಇಷ್ಟು ಮಕ್ಕಳು, ಇಷ್ಟಿಷ್ಟು ವಯಸ್ಸು. ಇದನ್ನು ಹೇಳದಿದ್ದರೆ ಒಬ್ಬ ಸಹಾಯಕರು ಬಂದು "ಅಯ್ಯೋ, ಇಷ್ಟು ಜನಾನಾ?" ಅಂತ ನಿಂತುಬಿಡುತ್ತಾರೆ. ಎರಡು, ನಮಗೆ ವೀಲ್‌ಚೇರ್ ಬೇಡ, ಜೊತೆಗೆ ನಡೆಯುವವರು ಬೇಕು. ಎಷ್ಟೇ ಹೇಳಿದರೂ ಗಾಲಿ ಕುರ್ಚಿ ಬಂದು ನಿಲ್ಲುವುದುಂಟು. ಜಗಳ ಬೇಡ. ಬ್ಯಾಗುಗಳನ್ನು ಅದರ ಮೇಲೆ ಕೂರಿಸಿ, ನೀವು ನಡೆಯಿರಿ.

ವಿಮಾನ ಹತ್ತಿದ ಮೇಲೆ ಸುರಕ್ಷತೆಯ ವಿವರವನ್ನು ನಿಮಗಾಗಿ ಬೇರೆಯಾಗಿ ಹೇಳಲು ಕೇಳಿ. ಮುಂದಿನ, ಹಿಂದಿನ ಬಾಗಿಲಿಗೆ ಎಷ್ಟು ಸಾಲು ಅಂತ ಎಣಿಸಿಕೊಳ್ಳಿ. ಆಮ್ಲಜನಕದ ಮಾಸ್ಕ್ ಎಲ್ಲಿಂದ ಬೀಳುತ್ತದೆ, ಲೈಫ್ ಜಾಕೆಟ್ ಸೀಟಿನ ಯಾವ ಭಾಗದಲ್ಲಿದೆ ಅಂತ ಕೈ ಹಿಡಿದು ಮುಟ್ಟಿಸಿಕೊಳ್ಳಿ. ಮಾಸ್ಕ್ ಮೊದಲು ನಿಮಗೆ, ಆಮೇಲೆ ಮಗುವಿಗೆ. ಮಕ್ಕಳ ಪಕ್ಕದಲ್ಲೇ ಸೀಟು ಬೇಕು ಅನ್ನುವುದನ್ನು ಟಿಕೆಟ್ ಮಾಡುವಾಗಲೇ ಗಟ್ಟಿ ಮಾಡಿಕೊಂಡಿರಿ.

ರೈಲಿನಲ್ಲಾದರೆ ಪ್ಲಾಟ್‌ಫಾರ್ಮ್ ಅಂಚಿನ ಉಬ್ಬು ಟೈಲ್ಸ್ ಬಗ್ಗೆ ಮಕ್ಕಳಿಗೂ ಹೇಳಿಕೊಡಿ. ಜಪಾನಿನ ಸೇಇಚಿ ಮಿಯಾಕೆ 1965ರಲ್ಲಿ ರೂಪಿಸಿ, 1967ರಲ್ಲಿ ಒಕಾಯಾಮಾದ ಒಂದು ಬೀದಿಯಲ್ಲಿ ಮೊದಲು ಹಾಕಿಸಿದ ಈ ಟೈಲ್ಸ್ ಈಗ ಬಹಳ ದೇಶಗಳಲ್ಲಿವೆ. ಉದ್ದ ಗೆರೆ ಅಂದರೆ ಮುಂದೆ ಹೋಗು, ಗುಂಡು ಚುಕ್ಕಿ ಅಂದರೆ ನಿಲ್ಲು. "ಚುಕ್ಕಿ ಸಿಕ್ಕಿದರೆ ಹೆಪ್ಪುಗಟ್ಟಿದ ಹಾಗೆ ನಿಲ್ಲಬೇಕು" ಅನ್ನುವ ಆಟ ಮಕ್ಕಳಿಗೆ ಬೇಗ ಹತ್ತುತ್ತದೆ.

ಮಾರ್ಗದರ್ಶಿ ನಾಯಿ ಇರುವವರು ದೇಶ ದಾಟುವುದಾದರೆ ತಿಂಗಳುಗಟ್ಟಲೆ ಮೊದಲೇ ಶುರು ಮಾಡಬೇಕು. ಮೈಕ್ರೋಚಿಪ್, ರೇಬಿಸ್ ಲಸಿಕೆ, ಲಸಿಕೆಯಾದ ಮೇಲೆ 21 ದಿನದ ಕಾಯುವಿಕೆ, ಕೆಲವು ದೇಶಗಳಿಂದ ಹೊರಟರೆ ರಕ್ತಪರೀಕ್ಷೆ ಮಾಡಿಸಿ ಮತ್ತೆ ಮೂರು ತಿಂಗಳು, ಹೀಗೆಲ್ಲ ಇರುತ್ತದೆ.

ಹಂತ 4: ಕೈಗಳ ಲೆಕ್ಕ

ಇದನ್ನು ಯಾವ ಪ್ರವಾಸದ ಪುಸ್ತಕವೂ ಹೇಳಿಕೊಡುವುದಿಲ್ಲ. ಇಬ್ಬರು ದೊಡ್ಡವರಿಗೆ ಒಟ್ಟು ನಾಲ್ಕು ಕೈ. ಅದರಲ್ಲಿ ಎರಡು ಕೋಲಿಗೆ. ಉಳಿದದ್ದು ಎರಡು, ಅವು ಮಕ್ಕಳಿಗೆ. ಅಲ್ಲಿಗೆ ಮುಗಿಯಿತು. ಸೂಟ್‌ಕೇಸ್ ಎಳೆಯಲು ಕೈ ಎಲ್ಲಿದೆ? ಹಾಗಾಗಿ ಸಾಮಾನೆಲ್ಲ ಬೆನ್ನಿಗೆ. ಬೆನ್ನಿಗೆ ಹಿಡಿಸದ್ದು ಮುಂಚೆಯೇ ಪಾರ್ಸಲ್ ಹೋಗಲಿ, ಇಲ್ಲ ಚೆಕ್-ಇನ್ ಆಗಲಿ, ಇಲ್ಲ ಮನೆಯಲ್ಲೇ ಇರಲಿ.

ನಡೆಯಲು ಬಾರದ ಕೂಸಾದರೆ ಎದೆಗೆ ಕಟ್ಟಿಕೊಳ್ಳುವ ಚೀಲ ಎಲ್ಲಕ್ಕಿಂತ ಅನುಕೂಲ. ಕೂಸು ಎದೆಗೆ, ಬ್ಯಾಗು ಬೆನ್ನಿಗೆ, ಒಂದು ಕೈಯಲ್ಲಿ ಕೋಲು, ಇನ್ನೊಂದು ಖಾಲಿ. ತಳ್ಳುವ ಗಾಡಿಯೇ ಬೇಕಾದರೆ ತಳ್ಳಬೇಡಿ, ಹಿಂದೆ ಎಳೆಯಿರಿ. ಮುಂದೆ ತಳ್ಳಿದರೆ ಮೆಟ್ಟಿಲಾಗಲಿ ಗುಂಡಿಯಾಗಲಿ ಕೋಲಿಗಿಂತ ಮೊದಲು ಮಗುವಿಗೆ ಸಿಗುತ್ತದೆ. ಎಳೆಯುವಾಗ ಕೋಲು ಮುಂದೆ, ನೀವು ನಡುವೆ, ಮಗು ಹಿಂದೆ. ಎಲ್ಲ ಗಾಡಿಯೂ ಎಳೆಯಲು ಒಗ್ಗುವುದಿಲ್ಲ. ಹಿಡಿಯನ್ನು ಎರಡೂ ಕಡೆಗೆ ಮಗುಚುವಂಥದ್ದು, ದೊಡ್ಡ ಚಕ್ರದ್ದು ನೋಡಿ, ಮನೆಯ ಬೀದಿಯಲ್ಲಿ ಒಂದು ವಾರ ಎಳೆದು ಅಭ್ಯಾಸ ಮಾಡಿ.

ಓಡುವ ವಯಸ್ಸಿನ ಮಗುವಿಗೆ ಮಣಿಕಟ್ಟಿಗೆ ಕಟ್ಟುವ ಬಳ್ಳಿ ಅಥವಾ ಬೆನ್ನುಚೀಲಕ್ಕೆ ಸೇರಿದ ಪಟ್ಟಿ. "ನಾಯಿ ತರ ಕಟ್ಟಿದ್ದಾರೆ ನೋಡಿ" ಅನ್ನುವವರು ಇರುತ್ತಾರೆ. ಅನ್ನಲಿ ಬಿಡಿ.

ಮಕ್ಕಳು ಮೂವರಾದರೆ? ಆಗ ನಿಲ್ದಾಣದಂಥ ಕಡೆ ಸಹಾಯಕರು ಬೇಕೇ ಬೇಕು. ದೊಡ್ಡ ಮಗು ನಿಮ್ಮ ಬ್ಯಾಗಿನ ಪಟ್ಟಿ ಹಿಡಿದುಕೊಳ್ಳಬಹುದು. ಅದು ಹಿಡಿದಿರುವುದು ತನ್ನ ಜೋಪಾನಕ್ಕೆ, ನಿಮಗೆ ದಾರಿ ತೋರಿಸಲು ಅಲ್ಲ.

ಹಂತ 5: ಮಕ್ಕಳ ಜೊತೆ ಮನೆಯಲ್ಲೇ ಅಭ್ಯಾಸ

ಹೊರಡುವ ಒಂದು ತಿಂಗಳ ಮೊದಲಿಂದಲೇ ಈ ಕೆಲವು ನಿಯಮ ರೂಢಿಯಾಗಲಿ.

ಕರೆದರೆ ತಕ್ಷಣ ಬಾಯಿಬಿಟ್ಟು ಉತ್ತರ. ತಲೆ ಆಡಿಸುವುದು, ಕೈ ತೋರಿಸುವುದು ಲೆಕ್ಕಕ್ಕಿಲ್ಲ. "ಹೂಂ" ಕೂಡ ಸಾಲದು, "ಇಲ್ಲಿದ್ದೀನಿ, ಜಾರುಬಂಡೆ ಹತ್ರ" ಅನ್ನಬೇಕು. ಆಟದ ಅಂಗಳದಲ್ಲಿ ಎರಡು ಮೂರು ನಿಮಿಷಕ್ಕೊಮ್ಮೆ ಕೂಗುತ್ತೇನೆ. ಉತ್ತರ ಬರದಿದ್ದರೆ ಆಟ ಬಂದ್. ಇದರಲ್ಲಿ ರಿಯಾಯಿತಿ ಇಲ್ಲ ಅಂತ ಗೊತ್ತಾದರೆ ಮಕ್ಕಳು ಬೇಗ ಒಪ್ಪಿಕೊಳ್ಳುತ್ತಾರೆ.

ಜಾಗ ಬದಲಾಯಿಸುವ ಮೊದಲು ಹೇಳಬೇಕು. "ಅಮ್ಮಾ, ಉಯ್ಯಾಲೆಗೆ ಹೋಗ್ತಿದ್ದೀನಿ" ಅಂದು, ನಮ್ಮ "ಸರಿ" ಕೇಳಿಸಿಕೊಂಡು ಹೋಗಬೇಕು.

ಒಂದು ನಿಲ್ಲುವ ಮಾತು ಇರಲಿ. ಬೇರೆ ಹೊತ್ತಿನಲ್ಲಿ ಬಳಸದ ಮಾತು. ಅದು ಕಿವಿಗೆ ಬಿದ್ದ ಕೂಡಲೇ ಎಲ್ಲಿದ್ದರಲ್ಲಿ ನಿಲ್ಲಬೇಕು. ತಮಾಷೆಗೆ ಎಂದೂ ಬಳಸಬೇಡಿ, ಬಳಸಿದರೆ ಅದರ ಬೆಲೆ ಹೋಗುತ್ತದೆ.

ಪುಟ್ಟ ಮಕ್ಕಳ ಬೂಟಿಗೆ ಗೆಜ್ಜೆ ಕಟ್ಟುವುದು ನಮ್ಮಲ್ಲಿ ಬಹಳ ಮಂದಿ ಮಾಡುವ ಉಪಾಯ. ಇಬ್ಬರಿದ್ದರೆ ಇಬ್ಬರಿಗೂ ಬೇರೆ ಬೇರೆ ಸದ್ದಿನದು ಕಟ್ಟಿ. ಗೆಜ್ಜೆ ಬಿಗಿಯಾಗಿ ಹೊಲಿದಿರಲಿ, ಕಿತ್ತು ಬಾಯಿಗೆ ಹಾಕಿಕೊಳ್ಳುವ ವಯಸ್ಸದು. ಒಂದು ಎಚ್ಚರ: ಗೆಜ್ಜೆ ನಿಂತಾಗ ಮಗು ನಿಂತಿದೆ ಅಂತಷ್ಟೇ ಗೊತ್ತಾಗುತ್ತದೆ, ಏನು ಮಾಡುತ್ತಿದೆ ಅಂತಲ್ಲ. ಅನುಭವ ಇರುವ ಅಪ್ಪ-ಅಮ್ಮಂದಿರಿಗೆ ಗೊತ್ತು, ಸದ್ದಿಗಿಂತ ಸದ್ದಿಲ್ಲದಿರುವುದಕ್ಕೇ ಜಾಸ್ತಿ ಹೆದರಬೇಕು.

ಹಂತ 6: ಪ್ಯಾಕಿಂಗ್

ಬಟ್ಟೆಯನ್ನು ಮಗುವಿಗೊಂದು, ದಿನಕ್ಕೊಂದು ಕಟ್ಟು ಮಾಡಿ. ಅಂಗಿ, ಚಡ್ಡಿ, ಒಳಬಟ್ಟೆ, ಸಾಕ್ಸ್ ಒಟ್ಟಿಗೆ ಸುತ್ತಿ ಒಂದು ಜಿಪ್ ಕವರಿಗೆ. ದೊಡ್ಡ ಮಗುವಿನ ಕವರಿಗೆ ಒಂದು ರಬ್ಬರ್ ಬ್ಯಾಂಡ್, ಚಿಕ್ಕದಕ್ಕೆ ಎರಡು. ಬೆಳಗ್ಗೆ ಕೈ ಹಾಕಿದರೆ ಸರಿಯಾದ ಕವರೇ ಬರುತ್ತದೆ, ಬಣ್ಣ ಹೊಂದುತ್ತದಾ ಅಂತ ಯಾರನ್ನೂ ಕೇಳಬೇಕಿಲ್ಲ. ಖಾಲಿ ಕವರು ಮೈಲಿಗೆ ಬಟ್ಟೆಗೆ. ಮೇಲಂಗಿ ಮಾತ್ರ ಎದ್ದು ಕಾಣುವ ಬಣ್ಣದ್ದಿರಲಿ. ಅದು ನಮಗಲ್ಲ. "ಕಿತ್ತಳೆ ಬಣ್ಣದ ಅಂಗಿ ಹಾಕಿದ ಹುಡುಗ" ಅಂದರೆ ಕಣ್ಣಿದ್ದವರಿಗೆ ಹುಡುಕಲು ಸುಲಭ, ಅಲ್ವಾ?

ಔಷಧಿಗೆ ಸ್ವಲ್ಪ ಜಾಸ್ತಿ ಸಮಯ ಕೊಡಿ. ಮಕ್ಕಳ ಸಿರಪ್ ಚಮಚದಲ್ಲಿ ಅಳೆಯಲು ಹೋಗಬೇಡಿ. ಸೂಜಿಯಿಲ್ಲದ, ಬಾಯಿಗೆ ಹಾಕುವ ಸಿರಿಂಜ್ ತನ್ನಿ. ವೈದ್ಯರು ಹೇಳಿದ ಅಳತೆಗೆ, ಉದಾಹರಣೆಗೆ 5 ಎಂಎಲ್‌ಗೆ, ಒಳಗಿನ ದಂಡವನ್ನು ಎಳೆದು ನಿಲ್ಲಿಸಿ. ಕಣ್ಣಿರುವ ನಂಬಿಕಸ್ಥರೊಬ್ಬರು ಅದು ಸರಿಯಿದೆ ಅಂತ ನೋಡಲಿ. ದಂಡ ಹೊರಗೆ ಬರುವ ಕಡೆಯ ಸಿರಿಂಜಿನ ಅಂಚಿಗೆ ಸರಿಯಾಗಿ ದಂಡದ ಮೇಲೆ ಬ್ಲೇಡಿನಿಂದ ಒಂದು ಗೀರು ಹಾಕಿ. ಆಮೇಲೆ ಎಂದು ಬೇಕಾದರೂ ಉಗುರಿಗೆ ಗೀರು ಸಿಗುವ ತನಕ ಎಳೆದರೆ ಅಳತೆ ಸರಿ. ಅಳತೆ ಬೇರೆಯಾದರೆ ಸಿರಿಂಜೂ ಬೇರೆ. ಒಂದರ ಮೇಲೆ ಎರಡು ಮೂರು ಗೀರು ಹಾಕಿದರೆ ನಡುರಾತ್ರಿ ಜ್ವರದ ಗಡಿಬಿಡಿಯಲ್ಲಿ ಗೊಂದಲ. ಬಾಟಲಿಗೂ ಸಿರಿಂಜಿಗೂ ಒಂದೇ ಗುರುತು ಕಟ್ಟಿ, ಒಂದೇ ಚೀಲದಲ್ಲಿಡಿ. ಮಾತಾಡುವ ಥರ್ಮಾಮೀಟರ್ ಸಿಕ್ಕರೆ ತನ್ನಿ, ಅದರ ಬ್ಯಾಟರಿ ನೋಡಿಕೊಳ್ಳಿ.

ಪಾಸ್‌ಪೋರ್ಟ್‌ಗಳೆಲ್ಲ ಕೈಗೆ ಒಂದೇ ತರ. ಒಂದಕ್ಕೆ ಚರ್ಮದ ಹೊದಿಕೆ, ಒಂದಕ್ಕೆ ಬಟ್ಟೆಯದು, ಒಂದಕ್ಕೆ ನುಣುಪು ಪ್ಲಾಸ್ಟಿಕ್. ನೋಟುಗಳ ವಿಷಯ ದೇಶದಿಂದ ದೇಶಕ್ಕೆ ಬೇರೆ. ಯೂರೋ ನೋಟು ಮೌಲ್ಯಕ್ಕೆ ತಕ್ಕಂತೆ ಗಾತ್ರದಲ್ಲಿ ಬೇರೆಯಿರುತ್ತದೆ, ಅಮೆರಿಕದ ಡಾಲರ್ ಎಲ್ಲ ಒಂದೇ ಗಾತ್ರ. ಹೊರಡುವ ಮೊದಲೇ ಯಾವ ನೋಟನ್ನು ಹೇಗೆ ಮಡಿಸಿಡುವುದು ಅಂತ ತೀರ್ಮಾನಿಸಿಕೊಳ್ಳಿ.

ಇನ್ನುಳಿದದ್ದು ಬೇಗ ಹೇಳುತ್ತೇನೆ. ಇನ್ನೊಂದು ಮಡಿಸುವ ಕೋಲು, ಕೋಲಿನ ತುದಿ ಒಂದೆರಡು. ಅಂಟಿಸುವ ಉಬ್ಬು ಚುಕ್ಕಿಗಳು, ಕೋಣೆಯ ರಿಮೋಟ್‌ಗೆ, ಸ್ವಿಚ್ಚಿಗೆ. ಪವರ್ ಬ್ಯಾಂಕ್. ವಿಮಾನದಲ್ಲಿ ಅದು ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ಒಳಗಿದ್ದರೆ ಸಾಮಾನ್ಯವಾಗಿ ತಕರಾರಿಲ್ಲ. 20000 ಎಂಎಎಚ್‌ನದು ಸುಮಾರು 74 ವ್ಯಾಟ್-ಅವರ್ ಆಗುತ್ತದೆ.

ಹಂತ 7: ಫೋನು

ಆ್ಯಪ್‌ಗಳನ್ನು ಹೋದ ಮೇಲೆ ಹಾಕಿಕೊಂಡರಾಯಿತು ಅನ್ನಬೇಡಿ. ಮನೆಯಲ್ಲೇ ಹಾಕಿ, ಪರದೆ ಮೇಲಿರುವುದನ್ನು ದನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್ ಜೊತೆ ಸರಿಯಾಗಿ ಓದುತ್ತದಾ ನೋಡಿ. ನಕ್ಷೆಯನ್ನು ನೆಟ್ ಇಲ್ಲದಾಗಲೂ ಸಿಗುವಂತೆ ಇಳಿಸಿಕೊಳ್ಳಿ.

2015ರಲ್ಲಿ ಡೆನ್ಮಾರ್ಕ್‌ನಲ್ಲಿ ಶುರುವಾದ ಬಿ ಮೈ ಐಸ್ ಅನ್ನುವ ಆ್ಯಪ್ ಉಚಿತ. ವಿಡಿಯೋ ಕರೆಯಲ್ಲಿ ಕಣ್ಣಿರುವ ಸ್ವಯಂಸೇವಕರು ಬೋರ್ಡ್ ಓದುತ್ತಾರೆ, ಕೋಣೆ ಸಂಖ್ಯೆ ಹೇಳುತ್ತಾರೆ. 2023ರಿಂದ ಅದರಲ್ಲೇ ಫೋಟೋ ತೆಗೆದರೆ ಎಐ ವಿವರಿಸುವ ಸೌಲಭ್ಯವೂ ಇದೆ. ಮೈಕ್ರೋಸಾಫ್ಟ್‌ನ ಸೀಯಿಂಗ್ ಎಐ, ಗೂಗಲ್‌ನ ಲುಕ್‌ಔಟ್ ಅಕ್ಷರ ಓದಲು ಚೆನ್ನಾಗಿವೆ. ಮೆನು, ಟಿಕೆಟ್, ಶ್ಯಾಂಪೂ ಬಾಟಲಿ, ಇದಕ್ಕೆಲ್ಲ ಧಾರಾಳವಾಗಿ ಬಳಸಿ. ಔಷಧಿ ಅಳತೆಗೆ, ರಸ್ತೆ ದಾಟಲು, ನೀರಿನ ಹತ್ತಿರ ಮಗು ಎಲ್ಲಿದೆ ಅಂತ ನೋಡಲು ಮಾತ್ರ ಬೇಡ. ಎಐ ಇಲ್ಲದ್ದನ್ನು ಇದೆ ಅಂತ ಪೂರ್ತಿ ಧೈರ್ಯದಿಂದ ಹೇಳುತ್ತದೆ.

ಒಂದೇ ಆ್ಯಪ್ ನಂಬಿಕೊಂಡೂ ಕೂರಬೇಡಿ. ಸುತ್ತಲಿನ ಅಂಗಡಿ, ಬೀದಿಗಳನ್ನು ಆ ದಿಕ್ಕಿನಿಂದಲೇ ಕೇಳಿಸುತ್ತಿದ್ದ ಮೈಕ್ರೋಸಾಫ್ಟ್ ಸೌಂಡ್‌ಸ್ಕೇಪ್ ಅನ್ನು ಬಹಳ ಜನ ಹಚ್ಚಿಕೊಂಡಿದ್ದರು. ಕಂಪನಿ ಅದನ್ನು 2023ರಲ್ಲಿ ನಿಲ್ಲಿಸಿಬಿಟ್ಟಿತು. ಕೋಡ್ ಎಲ್ಲರಿಗೂ ಬಿಟ್ಟುಕೊಟ್ಟಿದ್ದರಿಂದ ವಾಯ್ಸ್‌ವಿಸ್ಟಾದಂಥ ಆ್ಯಪ್‌ಗಳು ಅದನ್ನು ಮುಂದುವರಿಸಿವೆ.

ಎಲ್ಲಿದೆ ಅಂತ ಫೋನಿಗೆ ತಿಳಿಸುವ ಏರ್‌ಟ್ಯಾಗ್‌ನಂಥ ಪುಟ್ಟ ಬಿಲ್ಲೆಗಳನ್ನು ಬ್ಯಾಗಿಗೆ ಹಾಕಿ, ಸದ್ದು ಮಾಡಿಸಿ ಹುಡುಕಬಹುದು. ಮಗುವಿನ ಕೈಗೆ ಸಿಗುವಂತೆ ಇಡಬೇಡಿ. ಒಳಗಿನ ಬಟನ್ ಬ್ಯಾಟರಿ ನುಂಗಿದರೆ ಪ್ರಾಣಕ್ಕೇ ಅಪಾಯ.

ಹಂತ 8: ತಲುಪಿದ ಕೂಡಲೇ ಕೋಣೆ

ಮಕ್ಕಳು ಬಾಗಿಲಲ್ಲೇ ಒಬ್ಬರ ಜೊತೆ ನಿಲ್ಲಲಿ. ಇನ್ನೊಬ್ಬರು ಒಳಗೆ ಹೋಗಿ ಬಾಗಿಲಿಂದ ಶುರು ಮಾಡಿ, ಗೋಡೆ ಹಿಡಿದು ಒಂದೇ ದಿಕ್ಕಿನಲ್ಲಿ ಪೂರ್ತಿ ಸುತ್ತು ಬರಲಿ. ಪ್ಲಗ್ ಪಾಯಿಂಟ್, ಚೂಪು ಅಂಚು, ನೇತಾಡುವ ವಯರು, ಬಿಸಿನೀರಿನ ಕೆಟಲ್, ಗಾಜಿನ ಟೀಪಾಯಿ. ಕಿಟಕಿ ಪೂರ್ತಿ ತೆರೆಯುತ್ತದಾ? ಬಾಲ್ಕನಿಯ ಕಂಬಿಗಳನ್ನು ಮೇಲಿಂದ ಕೆಳಗೆ ಸವರಿ. ಹತ್ತಲು ಆಸರೆಯಾಗುವ ಕುರ್ಚಿ ಅಲ್ಲಿದ್ದರೆ ಒಳಗೆ ತಂದುಬಿಡಿ. ಬಚ್ಚಲಿನ ಬಿಸಿ ನಲ್ಲಿ ಯಾವ ಕಡೆ ಅಂತ ನೋಡಿ, ಅದಕ್ಕೊಂದು ರಬ್ಬರ್ ಬ್ಯಾಂಡ್ ಸುತ್ತಿ. ಇಷ್ಟಾದ ಮೇಲೆ ಮಕ್ಕಳು ಒಳಗೆ.

ಆಮೇಲೆ ಸಿಬ್ಬಂದಿಯೊಬ್ಬರ ಜೊತೆ ಒಂದು ಸುತ್ತು: ಕೋಣೆಯಿಂದ ಲಿಫ್ಟ್, ಊಟದ ಹಾಲ್, ತುರ್ತು ಬಾಗಿಲು. ತುರ್ತು ಬಾಗಿಲಿಗೆ ನಡುವೆ ಎಷ್ಟು ಕೋಣೆ ಅಂತ ಕೈಯಿಂದ ಎಣಿಸಿಕೊಳ್ಳಿ. ಹೊಗೆಯಲ್ಲಿ ಕಣ್ಣಿದ್ದವರಿಗೂ ಬೇರೆ ದಾರಿಯಿಲ್ಲ. ನಮ್ಮ ಕೋಣೆಯ ಹಿಡಿಕೆಗೆ ಒಂದು ದಾರ ಕಟ್ಟಿದರೆ ಪಕ್ಕದವರ ಬಾಗಿಲು ತಟ್ಟುವುದು ತಪ್ಪುತ್ತದೆ.

ಹಂತ 9: ನೀರು

ಇಲ್ಲಿ ನಾನು ತುಂಬಾ ಕಟ್ಟುನಿಟ್ಟು. ಉಳಿದ ಕಡೆ ನಮ್ಮ ಕಿವಿ ಕೆಲಸ ಮಾಡುತ್ತದೆ. ನೀರಿನಲ್ಲಿ ಮಾಡುವುದಿಲ್ಲ. ಮುಳುಗುವ ಮಗು ಕೂಗುತ್ತದೆ, ಕೈಕಾಲು ಬಡಿಯುತ್ತದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಅಮೆರಿಕದ ಜೀವರಕ್ಷಕ ಫ್ರ್ಯಾಂಕ್ ಪಿಯಾ ಮುಳುಗುವವರನ್ನು ಗಮನಿಸಿ ಹೇಳಿದ್ದು ಬೇರೆಯೇ. ಉಸಿರಿಗೇ ಪರದಾಡುವಾಗ ಗಂಟಲಿನಿಂದ ದನಿ ಬರುವುದಿಲ್ಲ. 20ರಿಂದ 60 ಸೆಕೆಂಡಿನೊಳಗೆ, ಸದ್ದೇ ಇಲ್ಲದೆ ಮುಗಿದುಹೋಗಬಹುದು.

ಹಾಗಾಗಿ ನೀರಿನಲ್ಲಿ ಒಬ್ಬ ದೊಡ್ಡವರಿಗೆ ಒಂದೇ ಮಗು, ಮೈಗೆ ಕೈ ತಾಗಿಕೊಂಡೇ ಇರಬೇಕು. "ಹತ್ತಿರದಲ್ಲೇ ಇದ್ದಾನೆ" ಸಾಲದು. ಮಕ್ಕಳು ಜಾಸ್ತಿ ಇದ್ದರೆ ಸರದಿ ಪ್ರಕಾರ. ತೂಕಕ್ಕೆ ಸರಿಯಾದ ಲೈಫ್ ಜಾಕೆಟ್ ಹಾಕಿ, ಚಿಕ್ಕವರದಕ್ಕೆ ಕಾಲುಗಳ ನಡುವಿನ ಪಟ್ಟಿ ಇರಲಿ. ಗಾಳಿ ತುಂಬಿದ ತೋಳುಪಟ್ಟಿ ಆಟದ ಸಾಮಾನು, ಅದನ್ನು ನಂಬಬೇಡಿ. ಜೀವರಕ್ಷಕರಿಗೆ ಮೊದಲೇ ಹೋಗಿ ಹೇಳಿ: ನಮಗೆ ಕಾಣಲ್ಲ, ಮಗು ಈ ಬಣ್ಣದ ಜಾಕೆಟ್ ಹಾಕಿದೆ. ಜೀವರಕ್ಷಕರೇ ಇಲ್ಲದ ಜಾಗದಲ್ಲಿ ಇಳಿಯುವುದೇ ಬೇಡ. ಮಕ್ಕಳು ಮನಸಾರೆ ಈಜಾಡಬೇಕು ಅನ್ನಿಸಿದರೆ ಆ ಒಂದು ಗಂಟೆಗೆ ಈಜು ಕಲಿಸುವವರನ್ನು ಗೊತ್ತು ಮಾಡಿ. ದುಡ್ಡು ಉಳಿಸುವ ಜಾಗ ಇದಲ್ಲ.

ಹಂತ 10: ಜನಜಂಗುಳಿಯಲ್ಲಿ ಮಗು ತಪ್ಪಿಸಿಕೊಂಡರೆ

ಪ್ರತಿ ದಿನ ಹೊರಡುವ ಮೊದಲು ಪ್ರತಿ ಮಗುವಿನ ಫೋಟೋ ತೆಗೆದಿಡಿ. ಮುಖ ಸರಿಯಾಗಿ ಬಂದಿದೆಯಾ ಅಂತ ಫೋನ್ ಹೇಳುತ್ತದೆ. ಅವತ್ತಿನ ಬಟ್ಟೆಯ ಬಣ್ಣ ನಿಮ್ಮಿಬ್ಬರ ಬಾಯಲ್ಲೂ ಇರಲಿ. ಮಗುವಿನ ಮಣಿಕಟ್ಟಿನ ಪಟ್ಟಿಯಲ್ಲಿ ಫೋನ್ ನಂಬರ್ ಸಾಕು. ಹೆಸರು ಬೇಡ, ಹೆಸರು ಹಿಡಿದು ಕರೆದವರನ್ನು ಮಕ್ಕಳು ಬೇಗ ನಂಬಿಬಿಡುತ್ತವೆ.

ಮಗುವಿಗೆ ಕಲಿಸುವ ಪಾಠದಲ್ಲಿ ನಮ್ಮದು ಒಂದು ವ್ಯತ್ಯಾಸ. ಬೇರೆ ಮಕ್ಕಳು ನಿಂತಲ್ಲೇ ನಿಂತರೆ ಅಪ್ಪ-ಅಮ್ಮನ ಕಣ್ಣಿಗೆ ಬೀಳಬಹುದು. ನಮ್ಮ ಮಗು ನಿಂತಲ್ಲೇ ನಿಲ್ಲಬೇಕು, ಜೊತೆಗೆ ಕೂಗುತ್ತಲೇ ಇರಬೇಕು. "ಅಮ್ಮಾ" ಅಂದರೆ ಹತ್ತು ಜನ ತಿರುಗುತ್ತಾರೆ. ನಮ್ಮ ಹೆಸರು ಹಿಡಿದು ಕೂಗಲು ಹೇಳಿಕೊಡಿ, ಸಂಕೋಚ ಬೇಡ. ಸಮವಸ್ತ್ರದ ಸಿಬ್ಬಂದಿಗೆ "ನಮ್ಮ ಅಪ್ಪ-ಅಮ್ಮನ ಕೈಲಿ ಬಿಳಿ ಕೋಲು ಇದೆ, ಅವರಿಗೆ ಕಾಣಲ್ಲ" ಅನ್ನಬೇಕು. ಎಷ್ಟೇ ಜನ ಇರಲಿ, ಬಿಳಿ ಕೋಲು ಹಿಡಿದ ಇಬ್ಬರನ್ನು ಹುಡುಕುವುದು ಕಷ್ಟವಲ್ಲ.

ನಾವು ಮಾಡಬೇಕಾದ್ದು: ಒಬ್ಬರು ಜಾಗ ಬಿಟ್ಟು ಕದಲದೆ ಹೆಸರು ಕೂಗುತ್ತಿರಬೇಕು. ಇನ್ನೊಬ್ಬರು ತಕ್ಷಣ, ಜೋರಾಗಿ, ಸುತ್ತಲಿನವರಿಗೆ ಕೇಳುವಂತೆ ಹೇಳಬೇಕು: "ಆರು ವರ್ಷದ ಹುಡುಗ, ಕಿತ್ತಳೆ ಅಂಗಿ, ಯಾರಾದರೂ ನೋಡಿದಿರಾ?" ನಾವೇ ಹುಡುಕೋಣ ಅಂತ ಎರಡು ನಿಮಿಷ ಕಾಯಬಾರದು. ಜನ ಏನಂದುಕೊಳ್ಳುತ್ತಾರೋ ಅನ್ನುವ ಯೋಚನೆಯೇ ಇಲ್ಲಿ ಶತ್ರು.

ಹಂತ 11: ಜನರ ಮಾತಿಗೂ ತಯಾರಿ ಬೇಕು

ಹೋದಲ್ಲೆಲ್ಲ ಜನ ನಿಮ್ಮನ್ನು ಬಿಟ್ಟು ಮಗುವಿನ ಹತ್ತಿರ ಮಾತಾಡುತ್ತಾರೆ. "ಅಮ್ಮನಿಗೆ ಏನು ಬೇಕಂತೆ ಪುಟ್ಟಾ?" ಕೋಪ ಬರುತ್ತದೆ. ಮಗುವಿಗೆ ಒಂದೇ ಮಾತು ಕಲಿಸಿದ್ದೇವೆ: "ಅಮ್ಮನ್ನೇ ಕೇಳಿ". ಉಳಿದದ್ದು ನಾನು ಮುಂದುವರಿಸುತ್ತೇನೆ. "ಅಪ್ಪ-ಅಮ್ಮನ ಚೆನ್ನಾಗಿ ನೋಡ್ಕೋ" ಅಂತ ಮಗುವಿನ ತಲೆ ಸವರಿ ಹೋಗುವವರೂ ಇದ್ದಾರೆ. ಅವರು ಹೋದ ಮೇಲೆ ಮಗುವಿಗೆ ಒಂದು ಮಾತು ಹೇಳಿ: ನೋಡಿಕೊಳ್ಳುವುದು ನಮ್ಮ ಕೆಲಸ, ನಿಂದಲ್ಲ.

ಕೇಳದೇ ಮಗುವಿನ ಕೈ ಹಿಡಿದು ಎಳೆದುಕೊಂಡು ಹೋಗುವವರಿಗೆ ಮಾತ್ರ ನಯ ಬೇಡ. "ನನ್ನ ಮಗುವನ್ನ ಬಿಡಿ" ಅಂತ ಗಟ್ಟಿಯಾಗಿ ಹೇಳಿ. ಒಳ್ಳೆ ಮನಸ್ಸಿನಿಂದಲೇ ಹಿಡಿದಿರಬಹುದು, ನಮಗೆ ಅದು ಗೊತ್ತಾಗುವುದು ಹೇಗೆ?

ಹಂತ 12: ನೆನಪು ಉಳಿಸಿಕೊಳ್ಳುವುದು

ಫೋಟೋ ಮಕ್ಕಳಿಗೆ ಬೇಕು, ದೊಡ್ಡವರಾದ ಮೇಲೆ ಹುಡುಕುತ್ತಾರೆ. ಸಿಬ್ಬಂದಿಯ ಕೈಗೆ ಫೋನ್ ಕೊಟ್ಟು ನಾಲ್ವರೂ ಇರುವಂತೆ ತೆಗೆಸಿ. ತೆಗೆದವರಿಗೇ "ಏನೇನು ಬಂತು ಹೇಳಿ" ಅಂದು, ಅವರು ಹೇಳಿದ್ದನ್ನು ಫೋಟೋದ ವಿವರಣೆಗೆ ಆಗಲೇ ಸೇರಿಸಿ. ಮನೆಗೆ ಬಂದ ಮೇಲೆ ನೂರಾರು ಫೋಟೋ ಯಾವುದು ಎಲ್ಲಿಯದು ಅಂತ ಬಿಡಿಸುವುದು ಆಗದ ಮಾತು.

ನಮಗಾಗಿ ಧ್ವನಿ. ದಿನಕ್ಕೆ ಎರಡು ನಿಮಿಷದ ರೆಕಾರ್ಡಿಂಗ್ ಸಾಕು, ಆದರೆ "ಎಲ್ಲರೂ ಮಾತಾಡಿ" ಅಂತ ಹೇಳಿ ಮಾಡಬೇಡಿ, ಎಲ್ಲರೂ ಬಿಗಿದುಕೊಳ್ಳುತ್ತಾರೆ. ಮಕ್ಕಳು ಜಗಳವಾಡುವಾಗ, ಟಿಕೆಟ್ ಸಾಲಿನಲ್ಲಿ ನಿಂತಾಗ, ಮಳೆ ಶುರುವಾದಾಗ ಫೋನ್ ಜೇಬಿನಲ್ಲೇ ಇಟ್ಟು ಬಟನ್ ಒತ್ತಿಬಿಡಿ. ಕಡತದ ಹೆಸರಿನಲ್ಲಿ ತಾರೀಖು, ಜಾಗ ಎರಡೂ ಇರಲಿ.